ಪಿಗ್ಮಿಗೂ ಉಪ್ಪಾಗೆಗೂ ಪೇಟೆಂಟ್ ಎಲ್ಲಿದೆ?

(ಕುಂದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನನಗೆ ಕೊಟ್ಟ ವಿಷಯ, ಜೈವಿಕ ತಂತ್ರಜ್ಞಾನ ಮತ್ತು ಬ್ಯಾಂಕಿಂಗ್ ತಂತ್ರಜ್ಞಾನದಲ್ಲಿ ಪೇಟೆಂಟ್ ಪಡೆದ ಆವಿಷ್ಕಾರಗಳು. ಈ ಎರಡನ್ನು ಜೋಡಿಸಿದ್ದು ಎಂತಕ್ಕೆ ಎಂದು ಬೇರೆ ಊರಿನವರು ಕೇಳಬಹುದು. ನಮಗೆ ಅದು ವಿಚಿತ್ರ ಜೋಡಿಯಲ್ಲ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಉಡುಪಿಯಲ್ಲಿ, ಕೆನರಾ ಬ್ಯಾಂಕ್ ಆದ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿದ್ದು 1906ರಲ್ಲಿ, ಒಂದೇ ವರ್ಷ. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಆಗಿನ ಅವಿಭಜಿತ ಜಿಲ್ಲೆಯೊಂದರಲ್ಲೇ ಇಷ್ಟು ಬ್ಯಾಂಕು. ಮೂಡಣ ದಿಕ್ಕಿಗೆ ತಿರುಗಿದರೆ ಕೊಲ್ಲೂರು, ಹೊಸಂಗಡಿ, ಅಮಾಸೆಬೈಲಿನ ಕಾಡು. ಅಲ್ಲಿ ಬೆಳೆಯುವ ಗಿಡಮರಗಳ ಹೆಸರು ದೂರದೇಶದ ಪೇಟೆಂಟ್ ಕಡತಗಳಲ್ಲಿ ಸಿಗುತ್ತದೆ.

ಹಾಗಾದರೆ ಇಲ್ಲಿಯ ಜನ ಕಂಡುಹಿಡಿದದ್ದಕ್ಕೆ ಪೇಟೆಂಟ್ ಎಷ್ಟು ಸಿಕ್ಕಿದೆ? ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ. ಈ ಮಣ್ಣಿನ ಅತಿ ದೊಡ್ಡ ಆವಿಷ್ಕಾರಗಳು ಪೇಟೆಂಟ್ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ. ಕೆಲವು ಸಲ ಅದರಿಂದ ನಮಗೆ ಒಳ್ಳೆಯದೇ ಆಗಿದೆ. ಕೆಲವು ಸಲ ಅಲ್ಲ. ಯಾವಾಗ ಒಳ್ಳೆಯದಾಯಿತು, ಯಾವಾಗ ಆಗಲಿಲ್ಲ ಎನ್ನುವುದೇ ಇಂದಿನ ಮಾತು.

ಮೊದಲು ಬ್ಯಾಂಕು. 1925ರ ಅಕ್ಟೋಬರ್ 20ರಂದು ಉಡುಪಿಯಲ್ಲಿ ಮೂವರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಅನ್ನು, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕನ್ನು, ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ನೆಲಕಚ್ಚಿದ್ದ ಕಾಲ. ನೇಕಾರರಿಗೆ ಸಾಲ ಸಿಗಬೇಕು, ಸಾಲ ಕೊಡಲು ಠೇವಣಿ ಬೇಕು, ಠೇವಣಿ ಇಡಬೇಕಾದವರ ಕೈಯಲ್ಲಿ ದಿನಕ್ಕೆ ಉಳಿಯುವುದು ಚಿಲ್ಲರೆ ಕಾಸು. 1928ರಲ್ಲಿ ಬ್ಯಾಂಕು ತನ್ನ ಮೊದಲ ಶಾಖೆಯನ್ನು ತೆರೆದದ್ದು ಎಲ್ಲಿ? ಬ್ರಹ್ಮಾವರದಲ್ಲಿ. ಅದೇ ವರ್ಷ ಶುರುವಾದದ್ದು ಪಿಗ್ಮಿ.

ಪಿಗ್ಮಿ ಎಂದರೆ ನಿಮಗೆ ವಿವರಿಸಬೇಕಾಗಿಲ್ಲ, ಆದರೂ ಅದನ್ನು ಒಂದು ಯಂತ್ರದ ಹಾಗೆ ಬಿಚ್ಚಿ ನೋಡೋಣ. ದಿನಕ್ಕೆ ಎರಡಾಣೆ. ತಿಂಗಳಿಗೆ ಅರವತ್ತಾಣೆ, ಅಂದರೆ 3 ರೂಪಾಯಿ 12 ಆಣೆ. ಬಡ್ಡಿ ಬಿಟ್ಟು ವರ್ಷಕ್ಕೆ 45 ರೂಪಾಯಿ 10 ಆಣೆ. ಈ ಎರಡಾಣೆ ಕಟ್ಟಲು ಮೀನು ಮಾರುವ ಹೆಂಗಸು ಬ್ಯಾಂಕಿಗೆ ಹೋಗಬೇಕಾಗಿಲ್ಲ, ಬ್ಯಾಂಕೇ ಆಕೆಯ ಬುಟ್ಟಿಯ ಹತ್ತಿರ ಬರುತ್ತದೆ. ಬರುವವನು ಸಂಬಳದ ಗುಮಾಸ್ತನಲ್ಲ, ಕಮಿಷನ್ ಮೇಲೆ ದುಡಿಯುವ ಊರಿನವನೇ. ಅವನು ಹಣ ಹೊತ್ತು ಓಡಿಹೋಗಲಿಕ್ಕಿಲ್ಲ ಎಂಬ ಭದ್ರತೆ ಎಲ್ಲಿಂದ? ಅವನ ಮನೆ ಎಲ್ಲಿ, ಅಪ್ಪ ಯಾರು ಎಂದು ಕೇರಿಗೆಲ್ಲ ಗೊತ್ತು. ಲೆಕ್ಕ ಎರಡು ಕಡೆ ಬರೆಯಲಾಗುತ್ತದೆ, ಗ್ರಾಹಕರ ಕಾರ್ಡಿನಲ್ಲಿ ಮತ್ತು ಬ್ಯಾಂಕಿನ ಪುಸ್ತಕದಲ್ಲಿ. ಒಬ್ಬೊಬ್ಬರದು ಚಿಲ್ಲರೆಯಾದರೂ ದಿನದಿನವೂ ತಪ್ಪದೆ ಬರುವುದರಿಂದ ಬ್ಯಾಂಕಿಗೆ ಅದರ ಮೇಲೆ ಭರವಸೆಯಿಟ್ಟು ಸಾಲ ಕೊಡಬಹುದು. ಹಣ ಸಂಗ್ರಹಿಸುವ ವೆಚ್ಚವನ್ನು ಇಷ್ಟು ಕೆಳಗಿಳಿಸಿದ ಇನ್ನೊಂದು ಉಪಾಯ ಆ ಕಾಲದಲ್ಲಿ ನನಗೆ ಕಾಣುವುದಿಲ್ಲ. ಸಾಫ್ಟ್‌ವೇರ್ ಕಂಪೆನಿಯವರು ಇವತ್ತು ಇದನ್ನೇ ಮಾಡಿದ್ದರೆ ಪತ್ರಿಕಾಗೋಷ್ಠಿ ಕರೆಯುತ್ತಿದ್ದರು.

‘ಹ್ವಾಯ್, ಇದಕ್ಕೆ ಪೇಟೆಂಟ್ ಸಿಕ್ಕತ್ತಾ?’ ಎಂದು ಯಾರಾದರೂ ಆಗ ಕೇಳಿದ್ದರೆ ಇಲ್ಲ ಎನ್ನಬೇಕಿತ್ತು. ಆಗ ಜಾರಿಯಲ್ಲಿದ್ದದ್ದು 1911ರ ಪೇಟೆಂಟ್ ಮತ್ತು ಡಿಸೈನ್ ಕಾಯಿದೆ. ಅದು ನೋಡುತ್ತಿದ್ದುದು ತಯಾರಿಕೆಯ ಹೊಸ ರೀತಿಯನ್ನು, ಹಣ ಕೂಡಿಸುವ ರೀತಿಯನ್ನಲ್ಲ. ಇವತ್ತು ಕೇಳಿದರೂ ಅದೇ ಉತ್ತರ. 1970ರ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಸೆಕ್ಷನ್ 3(ಕೆ) ಸೇರಿತು. ಗಣಿತದ ವಿಧಾನ, ವ್ಯವಹಾರದ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಆಲ್ಗಾರಿದಮ್ ಇವು ಆವಿಷ್ಕಾರವೇ ಅಲ್ಲ ಎಂದು ಅದು ಹೇಳುತ್ತದೆ. ಪಿಗ್ಮಿ ವ್ಯವಹಾರದ ವಿಧಾನ. ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ ಹಾಗಿರಲಿಲ್ಲ. 1998ರಲ್ಲಿ ಸ್ಟೇಟ್ ಸ್ಟ್ರೀಟ್ ಬ್ಯಾಂಕಿನ ಮೊಕದ್ದಮೆಯಲ್ಲಿ, ಹಲವು ಮ್ಯೂಚುವಲ್ ಫಂಡ್‌ಗಳ ಹಣವನ್ನು ಒಂದೇ ಕೇಂದ್ರದಲ್ಲಿ ಕೂಡಿಸಿ ಲೆಕ್ಕ ಇಡುವ ವ್ಯವಸ್ಥೆಗೆ ಪೇಟೆಂಟ್ ಸಲ್ಲುತ್ತದೆ ಎಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಆಮೇಲೆ ಹಣಕಾಸಿನ ಒಂದೊಂದು ಉಪಾಯಕ್ಕೂ ಅರ್ಜಿ ಹಾಕುವ ಭರಾಟೆ. 2014ರಲ್ಲಿ ಆಲಿಸ್ ಕಂಪೆನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಿತು. ಇಬ್ಬರ ನಡುವೆ ಮೂರನೆಯವರು ನಿಂತು ಲೇವಾದೇವಿ ಚುಕ್ತಾ ಮಾಡಿಸುವುದು ಹಳೆಯ ಪದ್ಧತಿ, ಅದನ್ನು ಕಂಪ್ಯೂಟರಿಗೆ ಏರಿಸಿದ ಮಾತ್ರಕ್ಕೆ ಹೊಸ ಆವಿಷ್ಕಾರವಾಗದು ಎಂಬುದು ಆ ತೀರ್ಪಿನ ಸಾರ. ನಡುವಿನ ಹದಿನಾರು ವರ್ಷದಲ್ಲಿ ಯಾರಾದರೂ ಪಿಗ್ಮಿಯನ್ನು ಅಲ್ಲಿ ಹೊಸತಾಗಿ ಕಲ್ಪಿಸಿಕೊಂಡಿದ್ದರೆ ಪೇಟೆಂಟ್ ಕೊಟ್ಟುಬಿಡುತ್ತಿದ್ದರೋ ಏನೋ.

ಪಿಗ್ಮಿಗೆ ಪೇಟೆಂಟ್ ಇಲ್ಲದ್ದರಿಂದ ನಷ್ಟವಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಬೇರೆ ಬ್ಯಾಂಕುಗಳು ಅದನ್ನು ಎತ್ತಿಕೊಂಡವು, ಸಹಕಾರಿ ಸಂಘಗಳು ಎತ್ತಿಕೊಂಡವು. ಹೆಸರು ಮಾತ್ರ ಪಿಗ್ಮಿ ಎಂದೇ ಉಳಿಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಕರಗಿಹೋಯಿತು, ಪಿಗ್ಮಿ ಕರಗಲಿಲ್ಲ. ಎಲ್ಲರೂ ಬಳಸಿದಷ್ಟೂ ಬೆಲೆ ಬರುವ ಆವಿಷ್ಕಾರ ಅದು. ಬಳಸಿದವರೆಲ್ಲ ಇಲ್ಲಿಯೇ ಇದ್ದರು, ಆದ್ದರಿಂದ ಲಾಭವೂ ಇಲ್ಲಿಯೇ ಉಳಿಯಿತು. ಭಾರ ಬಿದ್ದದ್ದು ಹಣ ಸಂಗ್ರಹಿಸುತ್ತ ಬಿಸಿಲಲ್ಲಿ ಅಲೆದ ಪಿಗ್ಮಿ ಕಲೆಕ್ಟರುಗಳ ಮೇಲೆ. ಅವರು ಬ್ಯಾಂಕಿನ ಕೆಲಸಗಾರರೋ ಅಲ್ಲವೋ ಎಂಬ ಜಗಳ ನಮ್ಮ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರೂ ಕಾರ್ಮಿಕರೇ ಎಂದು 2001ರಲ್ಲಿ ತೀರ್ಪಾಯಿತು. ಆವಿಷ್ಕಾರ ಆಗಿ ಎಪ್ಪತ್ತು ವರ್ಷ ದಾಟಿತ್ತು.

ಬ್ಯಾಂಕಿಂಗ್‌ನಲ್ಲಿ ಪೇಟೆಂಟ್ ಸಲೀಸಾಗಿ ಸಿಕ್ಕಿದ್ದು ಕಬ್ಬಿಣ, ತಂತಿ ಇರುವ ವಸ್ತುಗಳಿಗೆ. ಎಟಿಎಂ ಕತೆ ತಮಾಷೆಯದು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಗೋಡೆಗೆ ಕೂರಿಸಿದ ಯಂತ್ರ ಜಾನ್ ಶೆಫರ್ಡ್-ಬ್ಯಾರನ್ ಅವರದು. ಆತ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಪೇಟೆಂಟ್ ಪತ್ರದಲ್ಲಿ ಬರೆದರೆ ಕಳ್ಳರೂ ಓದುತ್ತಾರೆ ಎಂದು ಆತ ಅರ್ಜಿಯನ್ನೇ ಹಾಕಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1966ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಇಂಜಿನಿಯರ್ ಜೇಮ್ಸ್ ಗುಡ್‌ಫೆಲೊ ಕಾರ್ಡು ಮತ್ತು ಗುಪ್ತ ಸಂಖ್ಯೆಯ ವ್ಯವಸ್ಥೆಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಇವತ್ತು ನಾವು ನಾಲ್ಕು ಅಂಕಿ ಒತ್ತುವುದು ಆ ಮೂಲದಿಂದ ಬಂದದ್ದು. ಹಕ್ಕು ಕಂಪೆನಿಗೆ ಹೋಯಿತು, ಗುಡ್‌ಫೆಲೊ ಕೈಗೆ ಬಂದ ಬೋನಸ್ ಹತ್ತು ಪೌಂಡ್. ಪೇಟೆಂಟ್ ಇದ್ದವನಿಗೆ ಹತ್ತು ಪೌಂಡು, ಇಲ್ಲದವನಿಗೆ ಪ್ರಪಂಚದ ಹೆಸರು.

ಹಾಗೆಂದು 3(ಕೆ) ಬಾಗಿಲು ಪೂರ್ತಿ ಮುಚ್ಚಿದೆ ಎಂದು ಇಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಿಳಿಯಬಾರದು. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಎಂಬವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು, ಅದರಿಂದ ತಾಂತ್ರಿಕ ಪರಿಣಾಮ ಏನಾಗುತ್ತದೆ ನೋಡಿ ಎಂದಿತು. ಪಿಗ್ಮಿ ಕಲೆಕ್ಟರನ ಕೈಯಲ್ಲಿರುವ ಪುಟ್ಟ ಮಿಶಿನ್ನನ್ನೇ ತೆಗೆದುಕೊಳ್ಳಿ. ದಿನವೂ ಹಣ ಸಂಗ್ರಹಿಸುವ ಪದ್ಧತಿಗೆ ಪೇಟೆಂಟ್ ಇಲ್ಲ. ನೆಟ್‌ವರ್ಕ್ ಸಿಗದ ಕೊಲ್ಲೂರು ರಸ್ತೆಯಲ್ಲಿ ಆ ಮಿಶಿನ್ ಲೆಕ್ಕವನ್ನು ತಿದ್ದಲಾಗದಂತೆ ಹಿಡಿದಿಟ್ಟು, ಸಂಜೆ ಶಾಖೆಗೆ ಒಪ್ಪಿಸುವ ಹೊಸ ತಾಂತ್ರಿಕ ದಾರಿಯನ್ನು ಯಾರಾದರೂ ಕಂಡುಹಿಡಿದರೆ, ಅದು ಅರ್ಜಿ ಹಾಕಿ ವಾದಿಸಬಹುದಾದ ಸಂಗತಿ.

ಇನ್ನು ಜೀವದ ವಿಷಯ. ಇಲ್ಲಿ ಮೊದಲ ಹೆಸರು ಆನಂದ ಚಕ್ರವರ್ತಿ. ಬಂಗಾಳದ ಸೈಂಥಿಯಾದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಈತ ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ಅರಗಿಸುವ ಬ್ಯಾಕ್ಟೀರಿಯಾ ರೂಪಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ, ಮನುಷ್ಯ ರೂಪಿಸಿದ ಜೀವಿಗೂ ಪೇಟೆಂಟ್ ಸಲ್ಲುತ್ತದೆ ಎಂದಿತು. ಜೈವಿಕ ತಂತ್ರಜ್ಞಾನದ ಉದ್ಯಮ ನಿಂತಿರುವುದು ಆ ಒಂದು ಮತದ ಅಂತರದ ಮೇಲೆ. ಆ ಬ್ಯಾಕ್ಟೀರಿಯಾ ಮಾತ್ರ ಕಡಲಿಗಿಳಿದು ವ್ಯಾಪಾರ ಮಾಡಲಿಲ್ಲ. ನಮ್ಮಲ್ಲಿ 2002ರ ತಿದ್ದುಪಡಿಯ ನಂತರ ರೂಪಿಸಿದ ಸೂಕ್ಷ್ಮಜೀವಿಗೆ ಪೇಟೆಂಟ್ ಉಂಟು. ಗಿಡ, ಪ್ರಾಣಿ, ಬೀಜ, ತಳಿಗಳಿಗೆ ಸೆಕ್ಷನ್ 3(ಜೆ) ಪ್ರಕಾರ ಇಲ್ಲ. ಪಾರಂಪರಿಕ ಜ್ಞಾನಕ್ಕೂ 3(ಪಿ) ಪ್ರಕಾರ ಇಲ್ಲ.

ಈಗ ಉಪ್ಪಾಗೆಗೆ ಬರೋಣ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪೇಟೆಂಟ್ ಎಂಬುದು ಕಾಡಿನ ಅಂಚಿನ ಮನೆಗಳನ್ನು ಹೇಗೆ ಮುಟ್ಟುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಪಶ್ಚಿಮಘಟ್ಟದಲ್ಲಿಲ್ಲ. ಪುನರ್ಪುಳಿಯ ಜಾತಿಯದೇ ಮರ, ಹಣ್ಣು ಹಳದಿ, ಮೈಮೇಲೆ ಗೆರೆಗಳು. ಸಿಪ್ಪೆ ಒಣಗಿಸಿದರೆ ಹುಳಿ, ಬೀಜದಿಂದ ಉಪ್ಪಾಗೆ ತುಪ್ಪ. ಕೇರಳದವರಿಗೆ ಮೀನಿನ ಸಾರಿಗೆ ಇದಿಲ್ಲದೆ ಆಗದು. ಹಣ್ಣಾಗುವುದು ಜಡಿಮಳೆಯಲ್ಲಿ, ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಬೆಂಕಿ ಹಾಕಿ, ಮೇಲೆ ತಟ್ಟಿ ಕಟ್ಟಿ, ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಬೇಕು. ಸಿಪ್ಪೆಗಿಂತ ಎಷ್ಟೋ ಪಾಲು ಹೆಚ್ಚು ಸೌದೆ ಸುಡುತ್ತದೆ.

1965ರಲ್ಲಿ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐಯಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಸಿಪ್ಪೆಯ ಹುಳಿ ಯಾವುದೆಂದು ಖಚಿತಪಡಿಸಿದರು. ಅಲ್ಲಿಯವರೆಗೆ ನಿಂಬೆಯ ಹುಳಿ, ಹುಣಸೆಯ ಹುಳಿ ಎಂದೆಲ್ಲ ಅಂದುಕೊಂಡಿದ್ದದ್ದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತಿಳಿದದ್ದು ಆಗ. ಅವರು ಅದನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾಲ್ಕು ವರ್ಷ ಬಿಟ್ಟು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೊವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲ ದೇಹದೊಳಗೆ ಏನು ಮಾಡುತ್ತದೆ ಎಂದು ತೋರಿಸಿದರು. ನಾವು ಹೆಚ್ಚಾಗಿ ತಿಂದ ಸಕ್ಕರೆ ಕೊಬ್ಬಾಗುವ ದಾರಿಯಲ್ಲಿ ಒಂದು ಕಿಣ್ವ ಸಿಟ್ರಿಕ್ ಆಮ್ಲವನ್ನು ಸೀಳಬೇಕು. ಉಪ್ಪಾಗೆಯ ಆಮ್ಲ ನೋಡಲು ಅದರ ತಮ್ಮನಂತೆ ಇರುವುದರಿಂದ ಬೀಗಕ್ಕೆ ಹೊಕ್ಕರೂ ತಿರುಗದ ಕೀಲಿಕೈಯಂತೆ ಕಿಣ್ವದಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಬ್ಬಿನ ತಯಾರಿ ನಿಧಾನವಾಗುತ್ತದೆ. 1973ರಲ್ಲಿ ಬೊಜ್ಜಿನ ಚಿಕಿತ್ಸೆಯ ವಿಧಾನವಾಗಿ ಇದಕ್ಕೆ ಅಮೆರಿಕದ ಪೇಟೆಂಟ್ ಬಂತು, ಸಂಖ್ಯೆ 3,764,692. ಹಕ್ಕು ಹಾಫ್‌ಮನ್-ಲಾ ರೋಶ್ ಕಂಪೆನಿಗೆ.

ಇದನ್ನು ಕಳ್ಳತನ ಎನ್ನುವವರಿದ್ದಾರೆ. ನಾನು ಅನ್ನಲಾರೆ. ಆಮ್ಲವನ್ನು ಗುರುತಿಸಿದ್ದು ಮೈಸೂರು, ಅದು ಕಿಣ್ವವನ್ನು ತಡೆಯುತ್ತದೆ ಎಂದು ಕಂಡದ್ದು ಅಮೆರಿಕದವರು. ಕಂಡದ್ದನ್ನು ಬರೆದರು, ಪಡೆದರು. ನನ್ನ ತಕರಾರು ಬೇರೆ. ಹುಳಿ ಎಂದು ನಾಲಿಗೆಗೆ ಗೊತ್ತಿದ್ದವರು, ಮರ ಎಲ್ಲಿದೆ ಎಂದು ಕಾಲಿಗೆ ಗೊತ್ತಿದ್ದವರು, ಆಮ್ಲ ಯಾವುದು ಎಂದು ಕಂಡವರು, ಅದರಿಂದ ಮದ್ದಾಗಬಹುದು ಎಂದವರು, ಹೀಗೆ ನಾಲ್ಕು ಹೆಜ್ಜೆಯಿದ್ದರೆ ಕಾನೂನು ಗುರುತಿಸುವುದು ಕೊನೆಯದನ್ನು ಮಾತ್ರ. ಮೊದಲ ಮೂರು ಹೆಜ್ಜೆ ನಮ್ಮ ಕಡೆಯವು.

ಆಮೇಲೆ ನಡೆದದ್ದು ಗೊತ್ತಿದ್ದದ್ದೇ. 1990ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಗುಳಿಗೆಗಳ ಹುಚ್ಚು ಹಬ್ಬಿತು, ಗುಳಿಗೆ ತಯಾರಿಕೆಗೆ ಇನ್ನಷ್ಟು ಪೇಟೆಂಟ್‌ಗಳು ಬಂದವು. ಇತ್ತ ಘಟ್ಟದ ಕಾಡಿನಲ್ಲಿ ಸಿಪ್ಪೆಯ ದರ ಏರಿತು. ಹಣ್ಣು ಬೀಳುವವರೆಗೆ ಕಾಯುವ ತಾಳ್ಮೆ ಹೋಯಿತು, ಕೊಂಬೆ ಕಡಿದು ಕಾಯಿ ಕೆಡಹುವುದು ಶುರುವಾಯಿತು, ಒಣಗಿಸುವ ಬೆಂಕಿಗೆ ಕಾಡೇ ಸೌದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಜನರಿಗೆ ಹನ್ನೆರಡು ವಾರ, ಕೆಲವರಿಗೆ ಈ ಆಮ್ಲ, ಕೆಲವರಿಗೆ ಬರಿಯ ಸಪ್ಪೆ ಗುಳಿಗೆ. ತೂಕ ಇಳಿದದ್ದರಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪೇಟೆಂಟ್ ಸಿಕ್ಕಿದೆ ಎಂದರೆ ಮದ್ದು ನಾಟುತ್ತದೆ ಎಂದಲ್ಲ, ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಪೇಟೆಂಟ್ ಕಚೇರಿ ನೋಡುವುದು ಹೊಸತನ, ಆವಿಷ್ಕಾರದ ಹೆಜ್ಜೆ, ಉದ್ಯಮದಲ್ಲಿ ಉಪಯೋಗ, ಈ ಮೂರನ್ನು. ರೋಗಿಗೆ ಗುಣವಾಗುತ್ತದೋ ಎಂದು ನೋಡುವುದು ಬೇರೆ ಕಚೇರಿಯ ಕೆಲಸ.

ಗುಳ್ಳ ಎಂಬ ನಮ್ಮ ಬದನೆಯ ಕತೆ ನಿಮಗೆ ಇನ್ನೂ ಹತ್ತಿರದ್ದು. ವಾದಿರಾಜರು ಬೀಜ ಕೊಟ್ಟರೆಂಬ ಪ್ರತೀತಿ ಇರುವ ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಅದು ಪೇಟೆಂಟ್ ಅಲ್ಲ. ಹೆಸರನ್ನು ಕಾಯುತ್ತದೆ, ಬೀಜವನ್ನು ಕಾಯುವುದಿಲ್ಲ. ಬೀಜದ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಮಹಿಕೋ ಕಂಪೆನಿಯೂ ಒಪ್ಪಂದ ಮಾಡಿಕೊಂಡು, ಕಾಯಿಕೊರಕ ಹುಳವನ್ನು ಕೊಲ್ಲುವ ಬ್ಯಾಕ್ಟೀರಿಯಾ ಜೀನನ್ನು ಕರ್ನಾಟಕದ ಆರು ಬದನೆ ತಳಿಗಳಿಗೆ ಸೇರಿಸುವ ಕೆಲಸ ನಡೆಯಿತು. ಕುಡಚಿ ಲೋಕಲ್, ಮಲಪುರ ಲೋಕಲ್ ಜೊತೆಗೆ ‘ಉಡುಪಿ ಲೋಕಲ್’ ಕೂಡ ಅದರಲ್ಲಿತ್ತು. ಅದು ನಮ್ಮ ಗುಳ್ಳವೇ ಎಂದು ಹೋರಾಟಗಾರರು ಹೇಳಿದರು. 2010ರ ಫೆಬ್ರವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಇಂಥ ಜೀನು ಸೇರಿಸಿದ ಬಿಟಿ ಬದನೆಯನ್ನು ತಡೆಹಿಡಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2002ರ ಜೀವವೈವಿಧ್ಯ ಕಾಯಿದೆಯಡಿ ಕೇಳಬೇಕಿದ್ದ ಅನುಮತಿ ಕೇಳಿಲ್ಲ ಎಂಬುದು ದೂರು. ಕಂಪೆನಿಯ ವಾದ, ತಾನು ಕೊಟ್ಟದ್ದು ತಂತ್ರಜ್ಞಾನ, ಬೀಜ ವಿಶ್ವವಿದ್ಯಾಲಯದ್ದು ಎಂದು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಮೊಕದ್ದಮೆ ದಾಖಲಾಯಿತು, ಹೈಕೋರ್ಟಿನ ಧಾರವಾಡ ಪೀಠಕ್ಕೂ ಹೋಯಿತು.

ಬದನೆಯ ಹುಳಕ್ಕೆ ಬಿಟಿ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಚರ್ಚೆ. ಬಾಂಗ್ಲಾದೇಶದವರು 2013ರಲ್ಲಿ ಅದನ್ನು ಒಪ್ಪಿಕೊಂಡರು. ನನಗೆ ಮುಖ್ಯವೆನಿಸುವುದು, ಆ ಜೀನು ಯಾರದು ಎಂದು ಹೇಳುವ ಕಾಗದ ಕಂಪೆನಿಯ ಬಳಿ ಇತ್ತು, ಆ ಬೀಜ ಯಾರದು ಎನ್ನುವ ಕಾಗದ ಮಟ್ಟುವಿನಲ್ಲಿ ಇರಲಿಲ್ಲ. ಹತ್ತಿಯ ಜೀನಿನ ಪೇಟೆಂಟ್ ಬಗ್ಗೆ ಮಾನ್ಸಾಂಟೊ ಮತ್ತು ನುಜಿವೀಡು ಕಂಪೆನಿಗಳ ನಡುವಿನ ಜಗಳದಲ್ಲಿಯೂ, ಜೀನು ಬೀಜಕ್ಕೆ ಹೊಕ್ಕ ಮೇಲೆ ಪೇಟೆಂಟ್ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ತೀರ್ಮಾನವಾಗಲಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಕೆಳಗೆ ಕಳಿಸಿತು, 2021ರಲ್ಲಿ ಕಂಪೆನಿಗಳೇ ರಾಜಿಯಾದವು.

ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಹೆಸರು ಹೇಳದೆ ಹೋದರೆ ತಪ್ಪಾದೀತು. ಕಾರ್ತಿ ಬೆಳೆಗೆ ನಮ್ಮ ಬೈಲುಗದ್ದೆಗಳಲ್ಲಿ ನಾಟಿಯಾಗುವ ಎಂಒ4 ಕೆಂಪು ಭತ್ತ ಕೇರಳದ ಮಂಕೊಂಪು ಕೇಂದ್ರದ್ದು. ಬ್ರಹ್ಮಾವರದವರು ನೆರೆನೀರಲ್ಲಿ ನಿಂತರೂ ತಾಳುವ ಸಹ್ಯಾದ್ರಿ ಪಂಚಮುಖಿ ಕೊಟ್ಟರು. ಇವು ಯಾವುದಕ್ಕೂ ಪೇಟೆಂಟ್ ಇಲ್ಲ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ನೋಂದಾಯಿತ ತಳಿಯ ಬೀಜವನ್ನೂ ಉಳಿಸಿಕೊಳ್ಳಲು, ಬಿತ್ತಲು, ನೆರೆಮನೆಗೆ ಕೊಡಲು, ಮಾರಲು ಕೂಡ ರೈತನಿಗೆ ಹಕ್ಕು ಕೊಡುತ್ತದೆ. ಬ್ರ್ಯಾಂಡಿನ ಚೀಲದಲ್ಲಿ ಹಾಕಿ ಮಾರಬಾರದು ಅಷ್ಟೆ. ಪಿಗ್ಮಿಯ ಹಾಗೆಯೇ ಇಲ್ಲಿಯೂ ಬಳಸುವವರು ಇಲ್ಲಿಯವರು, ಹಾಗಾಗಿ ಕೈತಪ್ಪಲಿಲ್ಲ. ಉಪ್ಪಾಗೆ ಕೈತಪ್ಪಿದ್ದು ಬಳಸುವವರು ಏಳು ಸಮುದ್ರದಾಚೆ ಇದ್ದದ್ದರಿಂದ.

ಇನ್ನು ಎರಡು ಉಪಯೋಗದ ಮಾತು. ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ 1997ರಲ್ಲಿ ರದ್ದು ಮಾಡಿಸಿದ್ದು ಅಜ್ಜಿಯ ಸಾಕ್ಷ್ಯದಿಂದಲ್ಲ, ಅಚ್ಚಾದ ಪುರಾವೆಯಿಂದ. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಷ್ಟು ಹಿಂದೆ ಬಂದಿದ್ದ ಲೇಖನವೂ ಅದರಲ್ಲಿತ್ತು. ಬರೆದಿಟ್ಟದ್ದೇ ಪುರಾವೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು ಎಂದು ಜೀವವೈವಿಧ್ಯ ಕಾಯಿದೆ ಹೇಳುತ್ತದೆ. ಕಂಪೆನಿ ನಮ್ಮ ಕಾಡಿನ ವಸ್ತು ಬಳಸಿದರೆ ಲಾಭದ ಪಾಲು ಆ ಸಮಿತಿಗಳಿಗೆ ಬರಬೇಕಾದದ್ದೂ ಈ ದಾರಿಯಲ್ಲೇ. ದೇಶೀ ಕಂಪೆನಿಗಳೂ ಕೊಡಬೇಕು ಎಂದು ಉತ್ತರಾಖಂಡ ಹೈಕೋರ್ಟು 2018ರಲ್ಲಿ ಹೇಳಿದೆ. 2023ರ ತಿದ್ದುಪಡಿ ಕೆಲವರಿಗೆ ವಿನಾಯಿತಿ ಕೊಟ್ಟಿತು, ಜೈಲುಶಿಕ್ಷೆಯ ಬದಲು ದಂಡ ತಂದಿತು. ನನಗದು ಹಿಮ್ಮೆಟ್ಟಿದ ಹೆಜ್ಜೆಯಾಗಿಯೇ ಕಾಣುತ್ತದೆ. ಆದರೂ ದಾಖಲಾತಿ ಉಳಿದಿದೆ. ಬೈಂದೂರು, ಕುಂದಾಪುರದ ಕಾಡಂಚಿನ ಪಂಚಾಯಿತಿಯವರು ಇಲ್ಲಿದ್ದರೆ, ನಿಮ್ಮ ಪುಸ್ತಕದಲ್ಲಿ ಉಪ್ಪಾಗೆಯ ಎದುರು ಗಿಡದ ಹೆಸರು ಮಾತ್ರ ಇದೆಯೋ, ಒಣಗಿಸುವ ಕ್ರಮ, ತುಪ್ಪ ತೆಗೆಯುವ ಕ್ರಮ, ಯಾವ ನೋವಿಗೆ ಹಚ್ಚುತ್ತಾರೆ ಎಂಬುದೂ ಇದೆಯೋ ನೋಡಿ. ಇಲ್ಲದಿದ್ದರೆ ಈ ಮಳೆಗಾಲದಲ್ಲೇ ಬರೆಸಿ, ತಟ್ಟಿಯ ಮುಂದೆ ಕೂತವರು ಇನ್ನೂ ಇದ್ದಾರೆ.

ವಿದ್ಯಾರ್ಥಿಗಳಿಗೆ ಎರಡನೆಯದು. ನಿಮ್ಮಲ್ಲಿ ಯಾರ ಬಳಿಯಾದರೂ ಹೊಸ ಯಂತ್ರ, ಹೊಸ ಪ್ರಕ್ರಿಯೆ ಇದ್ದರೆ ಕಾಲೇಜಿನ ವಸ್ತುಪ್ರದರ್ಶನದಲ್ಲಿ ತೋರಿಸುವ ಮೊದಲು, ಯೂಟ್ಯೂಬಿಗೆ ಹಾಕುವ ಮೊದಲು ಅರ್ಜಿ ಹಾಕಿ. ಬಹಿರಂಗವಾದರೆ ಹೊಸತನ ಹೋಯಿತು, ವಿನಾಯಿತಿ ಇರುವುದು ತೀರಾ ಕೆಲವೇ ಸಂದರ್ಭಗಳಿಗೆ. ಕರ್ನಾಟಕದವರಿಗೆ ಚೆನ್ನೈ ಕಚೇರಿ, ಆನ್‌ಲೈನಿನಲ್ಲೇ ಹಾಕಬಹುದು, ಒಬ್ಬ ವ್ಯಕ್ತಿಗೆ ಆರಂಭದ ಶುಲ್ಕ 1,600 ರೂಪಾಯಿ. ಪೂರ್ತಿ ಸಿದ್ಧವಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ, ಪೂರ್ಣ ವಿವರಣೆಗೆ ಹನ್ನೆರಡು ತಿಂಗಳು ಸಿಗುತ್ತದೆ. ಸಿಕ್ಕಿದ ಪೇಟೆಂಟ್ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ, ವರ್ಷವರ್ಷದ ಶುಲ್ಕ ಕಟ್ಟಿದರೆ ಮಾತ್ರ. ಆವಿಷ್ಕಾರದಲ್ಲಿ ನಮ್ಮ ಕಾಡಿನ ಗಿಡವೋ ಸೂಕ್ಷ್ಮಜೀವಿಯೋ ಇದ್ದರೆ ಅದು ಎಲ್ಲಿಂದ ಬಂತು ಎಂದು ಅರ್ಜಿಯಲ್ಲೇ ಬರೆಯಬೇಕು. ಬರೆಯದಿದ್ದರೆ ಅಷ್ಟಕ್ಕೇ ಪೇಟೆಂಟ್ ರದ್ದಾಗಬಹುದು. ಆ ಜಾಗದಲ್ಲಿ ‘ಪಶ್ಚಿಮಘಟ್ಟ’ ಎಂದಷ್ಟೇ ಬರೆದು ಬಿಡಬೇಡಿ, ಊರಿನ ಹೆಸರು ಬರೆಯಿರಿ. ಅರ್ಜಿಯ ನಮೂನೆ ತಂದಿದ್ದೇನೆ, ಬೇಕಾದವರು ಸಭೆ ಮುಗಿದ ಮೇಲೆ ಬನ್ನಿ.